100 ಎಂಬಿಪಿಎಸ್ ಇದ್ದರೂ ದನಿ ಯಾಕೆ ಕಡಿಯುತ್ತದೆ? ದುಬೈನಿಂದ ಅವ್ವನಿಗೆ ಫೋನ್ ಮಾಡುವುದು ಹೇಗೆ?

ಪ್ರಶ್ನೆ: ನಾವಿರುವುದು ದಾವಣಗೆರೆಯ ಎಂಸಿಸಿ ಬಿ ಬ್ಲಾಕಿನಲ್ಲಿ. ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. ಯೂಟ್ಯೂಬ್ ಒಂದು ಸಲವೂ ನಿಲ್ಲುವುದಿಲ್ಲ. ಆದರೆ ಪುಣೆಯಲ್ಲಿರುವ ಮಗಳ ಜೊತೆ ರಾತ್ರಿ ವಾಟ್ಸಾಪ್‌ನಲ್ಲಿ ಮಾತಾಡಲು ಕೂತರೆ ದನಿ ಕಡಿದು ಕಡಿದು ಬರುತ್ತದೆ. ಪ್ಲಾನ್ ದೊಡ್ಡದು ಮಾಡಿಸಬೇಕಾ? ಎರಡನೆಯದು, ಮುಂದಿನ ತಿಂಗಳು ನಾನು, ನಮ್ಮ ಮನೆಯವರು ದುಬೈನಲ್ಲಿರುವ ಮಗನ ಹತ್ತಿರ ಹೋಗಿ ಎರಡು ತಿಂಗಳು ಇರುತ್ತೇವೆ. ಅಲ್ಲಿ ವಾಟ್ಸಾಪ್ ಕಾಲ್ ಆಗಲ್ಲ ಅಂತಾರೆ. ಹೊಳಲ್ಕೆರೆ ಹತ್ತಿರದ ಹಳ್ಳಿಯಲ್ಲಿ ನಮ್ಮ ಅವ್ವ ಒಬ್ಬರೇ ಇದ್ದಾರೆ. ಅವರದು ಬಟನ್ ಫೋನ್. ಮಗ ಜರ್ಮನಿಯಲ್ಲಿ ಓದುವಾಗ ಸ್ಕೈಪ್‌ನಿಂದ ಅವರ ಫೋನಿಗೇ ಮಾಡುತ್ತಿದ್ದ. ಈಗ ಏನು ದಾರಿ? ಮನೆಯ ಲ್ಯಾಂಡ್‌ಲೈನ್ ಯಾರೂ ಬಳಸುತ್ತಿಲ್ಲ, ಅದನ್ನು ತೆಗೆಸಿಬಿಡಬಹುದಾ?

ಉತ್ತರ: ಮೇಡಂ, ಪ್ಲಾನ್ ಮುಟ್ಟಬೇಡಿ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಇವತ್ತು ರಾತ್ರಿ ದನಿ ಕಡಿಯಲು ಶುರುವಾದ ಕೂಡಲೇ ಫೋನಿನ ವೈಫೈ ಆಫ್ ಮಾಡಿ. ಅದೇ ಕೋಣೆಯಲ್ಲಿ, ಅದೇ ಜಾಗದಲ್ಲಿ ಕೂತು ಮೊಬೈಲ್ ಡೇಟಾದಿಂದ ಮಗಳಿಗೆ ಮತ್ತೆ ವಾಟ್ಸಾಪ್ ಕರೆ ಮಾಡಿ. ಮಾತು ಸ್ಪಷ್ಟವಾಗಿ ಬಂತೆಂದರೆ ನಿಮ್ಮ ಫೋನು ಸರಿ ಇದೆ, ಮಗಳ ಕಡೆಯೂ ಸರಿ ಇದೆ. ತಕರಾರು ಇರುವುದು ನಿಮ್ಮ ಮನೆಯ ವೈಫೈನಲ್ಲಿ ಅಥವಾ ಫೈಬರ್ ಲೈನಿನಲ್ಲಿ. ಆಗಲೂ ಕಡಿಯಿತಾ? ಹಾಗಾದರೆ ಮಗಳಿಗೂ ಇದೇ ಪರೀಕ್ಷೆ ಮಾಡಲು ಹೇಳಿ. ಪುಣೆಯ ಪೇಯಿಂಗ್ ಗೆಸ್ಟ್ ಮನೆಗಳಲ್ಲಿ ಒಂದೇ ರೂಟರಿಗೆ ಹತ್ತಾರು ಜನ ನೇತುಬಿದ್ದಿರುತ್ತಾರೆ.

ವೇಗ ಯಾಕೆ ಕಾರಣ ಅಲ್ಲ ಅನ್ನುವುದಕ್ಕೆ ಸ್ವಲ್ಪ ಲೆಕ್ಕ ನೋಡೋಣ. ಇಂಟರ್ನೆಟ್ ಫೋನಿನ ಹಳೆಯ, ಇವತ್ತಿಗೂ ಚಾಲ್ತಿಯಲ್ಲಿರುವ ಒಂದು ಪದ್ಧತಿ ಇದೆ, ಹೆಸರು ಜಿ.711. ಅದರಲ್ಲಿ ನಿಮ್ಮ ಮಾತನ್ನು 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸುತ್ತಾರೆ. ಅಂದರೆ ಸೆಕೆಂಡಿಗೆ 50 ಚೂರು. ಒಂದೊಂದು ಚೂರಿನಲ್ಲಿ 160 ಬೈಟ್ ದನಿ, ಅದರ ಮೇಲೆ ವಿಳಾಸ ಇತ್ಯಾದಿ 40 ಬೈಟ್. ಒಟ್ಟು 200 ಬೈಟ್. ಒಂದು ಬೈಟ್ ಎಂದರೆ 8 ಬಿಟ್, ಗುಣಿಸಿದರೆ ಸೆಕೆಂಡಿಗೆ 80 ಕಿಲೋಬಿಟ್. ನಿಮ್ಮ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಹರಿಯಬಹುದಾದದ್ದು 1,00,000 ಕಿಲೋಬಿಟ್. ಒಂದು ಕರೆಗೆ ಬೇಕಾದ್ದಕ್ಕಿಂತ ಸಾವಿರ ಪಟ್ಟಿಗೂ ಜಾಸ್ತಿ! ಈಗಿನ ಆ್ಯಪ್‌ಗಳು ದನಿಯನ್ನು ಇನ್ನೂ ಹಿಂಡಿ ಕಳಿಸುತ್ತವೆ. ಅವಕ್ಕೆ ಇದಕ್ಕಿಂತ ಕಡಿಮೆ ಸಾಕು. ಹೀಗಿರುವಾಗ 100 ಇದ್ದದ್ದನ್ನು 200 ಮಾಡಿಸಿದರೆ ಬಿಲ್ ಏರುತ್ತದೆ, ದನಿ ಏರುವುದಿಲ್ಲ. ಕಸ್ಟಮರ್ ಕೇರ್‌ನವರು ಮಾತ್ರ ಮೊದಲು ಕೊಡುವ ಸಲಹೆ ಅದನ್ನೇ.

ಹಾಗಾದರೆ ಯೂಟ್ಯೂಬ್ ನಿಲ್ಲದೆ ಓಡುತ್ತದಲ್ಲ, ಕರೆ ಯಾಕೆ ಕಡಿಯಬೇಕು? ಯೂಟ್ಯೂಬ್ ಅನ್ನುವುದು ಡಬ್ಬಿಯಲ್ಲಿ ತುಂಬಿಟ್ಟ ಮಂಡಕ್ಕಿ. ಮುಂದೆ ಬೇಕಾಗುವುದನ್ನೆಲ್ಲ ಮೊದಲೇ ತರಿಸಿ ಇಟ್ಟುಕೊಂಡಿರುತ್ತದೆ, ಅಂಗಡಿ ಸ್ವಲ್ಪ ಹೊತ್ತು ಮುಚ್ಚಿದರೂ ನಿಮಗೆ ಗೊತ್ತೇ ಆಗುವುದಿಲ್ಲ. ಕರೆ ಹಾಗಲ್ಲ, ಅದು ಬೆಣ್ಣೆ ದೋಸೆ. ಕಾವಲಿಯಿಂದ ನೇರ ತಟ್ಟೆಗೆ ಬಂದರಷ್ಟೇ ಸರಿ. ಮಗಳು ಇನ್ನೂ ಆಡದ ಮಾತನ್ನು ಯಾವ ಆ್ಯಪ್ ತಾನೇ ಮೊದಲೇ ತಂದಿಟ್ಟುಕೊಳ್ಳಲು ಆಗುತ್ತದೆ? ತಡವಾಗಿ ಬಂದ ಚೂರನ್ನು ಆ್ಯಪ್ ಸುಮ್ನೆ ಎಸೆದುಬಿಡುತ್ತದೆ, ಯಾಕೆಂದರೆ ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಚೂರುಗಳು ಒಂದೇ ಸಮ ಬರದೆ ಕೆಲವು ಬೇಗ, ಕೆಲವು ತಡವಾಗಿ ಬಂದರೆ ನಿಮಗೆ ಕೇಳಿಸುವುದು ಆ ಕಡಿದ ದನಿ. ಆದ್ದರಿಂದ ಕರೆಯ ಮಟ್ಟಿಗೆ ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿಗೆ ಬೆಲೆ ಇಲ್ಲ. ತಡ ಎಷ್ಟು, ತಡದಲ್ಲಿ ಏರುಪೇರು ಎಷ್ಟು, ದಾರಿಯಲ್ಲಿ ಕಳೆದುಹೋದದ್ದು ಎಷ್ಟು, ಇವು ಮೂರನ್ನು ನೋಡಬೇಕು.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ತಲುಪಲು 150 ಮಿಲಿಸೆಕೆಂಡಿನ ಒಳಗಿದ್ದರೆ ಸಂಭಾಷಣೆಗೆ ತೊಂದರೆ ಇಲ್ಲ ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ದುಬೈ ನಮ್ಮಿಂದ ನೇರ ಗೆರೆ ಎಳೆದರೆ ಸುಮಾರು 2,500 ಕಿಲೋಮೀಟರ್. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಬಲ್ ಸುತ್ತಿ ಬಳಸಿ ಹೋದರೂ ದೂರದಿಂದಾಗುವ ತಡ ಲೆಕ್ಕಕ್ಕೇ ಇಲ್ಲ. ಅರಬ್ಬೀ ಸಮುದ್ರ ದಾಟಿ ನೆಟ್ಟಗೆ ಬಂದ ಮಾತು ನಿಮ್ಮ ಹಾಲ್‌ನಿಂದ ಮಲಗುವ ಕೋಣೆಗೆ ಬರುವಾಗ ಹಾಳಾಗುತ್ತದೆ. ನಾನು ನೋಡುವ ಮನೆಗಳಲ್ಲಿ ಹೆಚ್ಚಿನ ಪಾಲು ಇದೇ ಕತೆ.

ಅದನ್ನು ಕಣ್ಣಾರೆ ನೋಡಬೇಕೆಂದರೆ ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಸಾಕು. ನೀವು ಫೋನಿನಲ್ಲಿ ಮಾತಾಡುವ ಜಾಗದಲ್ಲೇ ಅದನ್ನು ಇಟ್ಟುಕೊಳ್ಳಿ. ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿ ತೆರೆದು, ಪಿಂಗ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ರೂಟರಿನ ನಂಬರ್ ಹಾಕಿ. ಸಾಮಾನ್ಯವಾಗಿ ಅದು 192.168.1.1 ಇರುತ್ತದೆ, ಜಿಯೋ ಪೆಟ್ಟಿಗೆ ಆದರೆ 192.168.29.1. ಎಂಟರ್ ಒತ್ತಿದರೆ ಲ್ಯಾಪ್‌ಟಾಪ್ ರೂಟರನ್ನು ‘ಇದ್ದೀಯಾ?’ ಎಂದು ಕೇಳಿ, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಸಾಲು ಸಾಲಾಗಿ ತೋರಿಸುತ್ತದೆ. ವಿಂಡೋಸ್‌ನಲ್ಲಿ ನಾಲ್ಕು ಸಲ ಕೇಳಿ ನಿಲ್ಲಿಸುತ್ತದೆ, ಆದ್ದರಿಂದ ಒಂದಷ್ಟು ಸಲ ಓಡಿಸಿ. ಉತ್ತರ 2, 3, 5 ಎಂದು ಬರುತ್ತಿದ್ದರೆ ವೈಫೈ ಆರೋಗ್ಯವಾಗಿದೆ. 4, 6, 180, 9, 340, ನಡುವೆ ಒಂದೆರಡು ಉತ್ತರವೇ ಇಲ್ಲ ಎಂದು ಬಂದರೆ ಕಳ್ಳ ಸಿಕ್ಕಿಬಿದ್ದ. ಅದೇ ಮನೆಯೊಳಗೆ, ಗೋಡೆ ಆಚೆ ಇರುವ ರೂಟರಿಗೆ ಅಷ್ಟು ಹೊತ್ತು! ಆಮೇಲೆ ಅದೇ ರೀತಿ 8.8.8.8ಕ್ಕೆ ಮಾಡಿ. ಇದು ಗೂಗಲ್‌ನವರದು, ಮನೆಯ ಹೊರಗಿನದು. ರೂಟರಿನ ಅಂಕಿ ಚೆನ್ನಾಗಿದ್ದು ಇದು ಮಾತ್ರ ಎಗರಾಡಿದರೆ ಲೈನಿನ ತಪ್ಪು. ಆಗ ಆ ಸ್ಕ್ರೀನ್‌ನ ಫೋಟೋ ತೆಗೆದು ಕಂಪನಿಯವರಿಗೆ ಕಳಿಸಿ. ‘ನೆಟ್ ಸ್ಲೋ ಇದೆ’ ಎಂದು ದೂರು ಕೊಡುವುದಕ್ಕಿಂತ ಇದಕ್ಕೆ ತೂಕ ಜಾಸ್ತಿ.

ನಿಮ್ಮ ಮನೆಯಲ್ಲಿ ವೈಫೈಯೇ ಅಪರಾಧಿ ಎಂದು ನನ್ನ ಅಂದಾಜು. ಫೈಬರ್ ಹಾಕಲು ಬಂದ ಹುಡುಗರು ಪೆಟ್ಟಿಗೆಯನ್ನು ಎಲ್ಲಿ ಕೂರಿಸುತ್ತಾರೆ? ವೈರ್ ಒಳಗೆ ಬಂದ ಕಡೆ, ಟಿವಿ ಹಿಂದೆ. ಅಲ್ಲಿಂದ ಮಲಗುವ ಕೋಣೆಗೆ ಎರಡು ಗೋಡೆ, ಒಂದು ಗಾಡ್ರೇಜ್ ಬೀರು. ಕಬ್ಬಿಣದ ಬೀರು ಅಡ್ಡ ಬಂದರೆ ಸಿಗ್ನಲ್‌ಗೆ ಅದೇ ದೊಡ್ಡ ಗೋಡೆ. ಚಿತ್ರದುರ್ಗದ ಕೋಟೆ ಬದಿಯ ಹಳೇ ಮನೆಗಳಲ್ಲಂತೂ ಕಲ್ಲಿನ ಗೋಡೆ ಮೊಳ ದಪ್ಪ ಇರುತ್ತದೆ. ಅಲ್ಲಿ ಒಂದು ಗೋಡೆ ದಾಟಿದರೆ ವೈಫೈ ಉಸಿರೇ ಬಿಡುವುದಿಲ್ಲ. ರೂಟರನ್ನು ಟಿವಿ ಹಿಂದಿನಿಂದ ಎತ್ತಿ, ಮನೆಯ ನಡುವಿಗೆ ಹತ್ತಿರವಾಗಿ, ತಲೆಗಿಂತ ಎತ್ತರದಲ್ಲಿ ಇಡಿಸಿ. ಇದಕ್ಕೆ ದುಡ್ಡು ಬೇಕಿಲ್ಲ, ಸ್ವಲ್ಪ ಉದ್ದದ ವೈರ್ ಸಾಕು.

ರೂಟರಿನಿಂದ ಎರಡು ಹೆಸರು ಬರುತ್ತಿರಬಹುದು, ಒಂದರ ಕೊನೆಗೆ 5ಜಿ ಎಂದಿರುತ್ತದೆ. ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್. ಇನ್ನೊಂದು 2.4 ಗಿಗಾಹರ್ಟ್ಸ್. 2.4 ಗೋಡೆ ದಾಟಿ ದೂರ ಹೋಗುತ್ತದೆ. ಆದರೆ ಅಕ್ಕಪಕ್ಕದ ಮನೆಗಳ ರೂಟರು, ಬ್ಲೂಟೂತು, ಮೈಕ್ರೋವೇವ್ ಒಲೆ ಎಲ್ಲ ಅದರ ಮೇಲೇ ಬಿದ್ದಿರುತ್ತವೆ. ಮನೆಗಳು ಒತ್ತೊತ್ತಾಗಿರುವ ಬಡಾವಣೆಯಲ್ಲಿ ರಾತ್ರಿ ಎಂಟರಿಂದ ಹತ್ತರವರೆಗೆ ಎಲ್ಲರ ಮನೆಯಲ್ಲೂ ಟಿವಿ, ಫೋನು ಓಡುವ ಹೊತ್ತು. ಆ ಗದ್ದಲ ಪೂರ್ತಿ 2.4ರ ಮೇಲೆ. ನೀವು ರಾತ್ರಿಯೇ ಕಡಿಯುತ್ತದೆ ಎಂದು ಬರೆದದ್ದನ್ನು ನೋಡಿ ನನಗೆ ಮೊದಲು ಹೊಳೆದದ್ದು ಇದು. ರೂಟರ್ ಇರುವ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಮಾತಾಡುವಾಗ 5 ಗಿಗಾಹರ್ಟ್ಸ್‌ಗೆ ಸೇರಿಕೊಳ್ಳಿ.

ದೂರದ ಕೋಣೆಯಲ್ಲೇ ಮಾತಾಡಬೇಕು ಅಂದರೆ ಅಲ್ಲಿಗೆ ಒಂದು ಲ್ಯಾನ್ ಕೇಬಲ್ ಎಳೆಸಿ ಇನ್ನೊಂದು ರೂಟರ್ ಇಡಿಸಿ. ಅಂಗಡಿಯವರು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ರಿಪೀಟರ್ ತೋರಿಸುತ್ತಾರೆ, ಅಗ್ಗ, ವೈರ್ ಬೇಡ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಅದು ಒಂದೇ ಗಾಳಿಯಲ್ಲಿ ಕೇಳಿಸಿಕೊಂಡು ಮತ್ತೆ ಅದನ್ನೇ ಕೂಗಬೇಕು. ಪ್ರತಿ ಚೂರೂ ಎರಡು ಸಲ ಗಾಳಿ ಹತ್ತುತ್ತದೆ. ಯೂಟ್ಯೂಬಿಗೆ ನಡೆಯುತ್ತದೆ, ಮಾತಿಗೆ ಕಷ್ಟ.

ಇನ್ನೊಂದು ಗುಮಾನಿ ಇದೆ. ರಾತ್ರಿ ನಿಮ್ಮ ಮನೆಯವರು ಫೋನ್ ಚಾರ್ಜಿಗೆ ಹಾಕುತ್ತಾರಲ್ವಾ? ಮದುವೆ ಮನೆಯ ವಿಡಿಯೋಗಳೆಲ್ಲ ಆಗ ಗೂಗಲ್ ಫೋಟೋಸ್‌ಗೆ ಏರಲು ಶುರುವಾಗುತ್ತವೆ. ಸಿಸಿ ಕ್ಯಾಮರಾ ಇದ್ದರೆ ಅದೂ ದಿನವಿಡೀ ಹೊರಗೆ ಕಳಿಸುತ್ತಿರುತ್ತದೆ. ಹೊರಗೆ ಹೋಗುವ ದಾರಿ ತುಂಬಿದಾಗ ರೂಟರ್ ಆ ದೊಡ್ಡ ಸಾಲಿನ ಹಿಂದೆ ನಿಮ್ಮ ಮಾತಿನ ಚೂರನ್ನೂ ನಿಲ್ಲಿಸುತ್ತದೆ. ಇದಕ್ಕೊಂದು ಗುರುತಿದೆ: ಮಗಳ ಮಾತು ನಿಮಗೆ ಚೆನ್ನಾಗಿ ಕೇಳುತ್ತದೆ, ‘ನಿನ್ನ ಮಾತೇ ಕಡೀತಿದೆ ಅಮ್ಮ’ ಎಂದು ಅವಳು ಹೇಳುತ್ತಾಳೆ. ಹಾಗಿದ್ದರೆ ಕರೆ ಮುಗಿಯುವವರೆಗೆ ಬ್ಯಾಕಪ್ ನಿಲ್ಲಿಸಿ.

ನಿಮ್ಮ ಮಾತು ನಿಮಗೇ ಮಾರ್ದನಿಯಾಗಿ ಕೇಳಿಸಿದರೆ ಮಾತ್ರ ನಿಮ್ಮ ಫೋನ್ ಬೈಯಬೇಡಿ. ಸಾಮಾನ್ಯವಾಗಿ ಅದು ಆ ಕಡೆಯವರ ಸ್ಪೀಕರಿನಿಂದ ಅವರ ಮೈಕಿಗೆ ಹೋಗಿ ವಾಪಸ್ ಬರುತ್ತಿರುವ ದನಿ. ಸ್ಪೀಕರ್ ಆಫ್ ಮಾಡಿ ಕಿವಿಗಿಡಲು ಹೇಳಿ, ನಿಂತುಹೋಗುತ್ತದೆ.

ಈಗ ಲ್ಯಾಂಡ್‌ಲೈನ್. ನಿಮ್ಮದು ಹಳೇ ತಾಮ್ರದ ತಂತಿಯದಾ, ಫೈಬರ್ ಪೆಟ್ಟಿಗೆಯ ಹಿಂದೆ ಸಿಕ್ಕಿಸಿದ್ದಾ ಎಂದು ಬರೆದಿಲ್ಲ. ಫೈಬರಿನದಾಗಿದ್ದರೆ ಅದು ಹೆಸರಿಗೆ ಮಾತ್ರ ಲ್ಯಾಂಡ್‌ಲೈನ್. 08192 ಎಂದು ಶುರುವಾಗುವ ನಂಬರ್ ಇದ್ದರೂ ಒಳಗೆ ಹರಿಯುವುದು ಇಂಟರ್ನೆಟ್ ಕರೆಯೇ. ತಾಮ್ರದ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಕರೆಂಟ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ಗುಂಯ್ ಎನ್ನುತ್ತಿತ್ತು. ಫೈಬರ್ ಪೆಟ್ಟಿಗೆಗೆ ಆ ಭಾಗ್ಯವಿಲ್ಲ. ಬೆಸ್ಕಾಂ ಕರೆಂಟ್ ಹೋಯಿತೆಂದರೆ ಪೆಟ್ಟಿಗೆ, ವೈಫೈ, ಫೋನು ಮೂರೂ ಒಟ್ಟಿಗೆ ಹೋಗುತ್ತವೆ. ಮನೆಯಲ್ಲಿ ಯುಪಿಎಸ್ ಇದ್ದರೂ ಹೀಗಾಗುತ್ತದೆ, ಯಾಕೆಂದರೆ ಟಿವಿ ಹಿಂದಿನ ಪ್ಲಗ್ಗು ಯುಪಿಎಸ್ ಲೈನಿಗೆ ಸೇರಿರುವುದಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಪೆಟ್ಟಿಗೆಯ ದೀಪ ಉರಿಯುತ್ತಿದೆಯಾ ನೋಡಿ. ಇಲ್ಲವಾದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಆ ಪ್ಲಗ್ಗನ್ನು ಯುಪಿಎಸ್‌ಗೆ ಸೇರಿಸಿ, ಅಥವಾ ರೂಟರಿಗೆಂದೇ ಬರುವ 12 ವೋಲ್ಟಿನ ಪುಟ್ಟ ಯುಪಿಎಸ್ ತಂದಿಡಿ.

ತೆಗೆಸಬೇಕಾ ಎಂದರೆ, ಫೈಬರ್ ಪ್ಲಾನಿನ ಜೊತೆ ಪುಕ್ಕಟೆ ಬಂದಿದ್ದರೆ ಇರಲಿ ಬಿಡಿ. ತಾಮ್ರದ್ದಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದು, ಯಾರೂ ಎತ್ತದಿದ್ದರೆ ತೆಗೆಸಿ. ಒಂದೇ ಒಂದು ಎಚ್ಚರ, ಆ ನಂಬರ್ ಬ್ಯಾಂಕಿನಲ್ಲೋ ಗ್ಯಾಸ್ ಏಜೆನ್ಸಿಯಲ್ಲೋ ಕೊಟ್ಟಿದ್ದರೆ ಮೊದಲು ಬದಲಿಸಿ.

ಮನೆಯಲ್ಲಿ ಮೊಬೈಲ್ ಸಿಗ್ನಲ್ ಕಡ್ಡಿ ಒಂದೇ ಒಂದು ಇರುವ ಕೋಣೆಗಳಿಗೆ ಇನ್ನೊಂದು ಉಪಾಯ ಇದೆ, ಜನ ಇದನ್ನು ಮರೆತಿದ್ದಾರೆ. ವೈಫೈ ಕಾಲಿಂಗ್. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರುಮಾಡಿದವು. ನಿಮ್ಮ ಮಾಮೂಲಿ ನಂಬರಿನ ಮಾಮೂಲಿ ಕರೆಯೇ ಟವರಿನ ಬದಲು ಮನೆಯ ವೈಫೈ ಮೇಲೆ ಹೋಗುತ್ತದೆ. ಆ್ಯಪ್ ಬೇಡ. ಆ ಕಡೆಯವರ ಬಳಿ ಬಟನ್ ಫೋನ್ ಇದ್ದರೂ ನಡೆಯುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಇರುವ ಕಡೆ ಇದರ ಗುಂಡಿ ಇದೆ, ಆನ್ ಮಾಡಿ. ಆದರೆ ವೈಫೈಯೇ ಕೆಟ್ಟಿದ್ದರೆ ಇದೂ ಕೆಡುತ್ತದೆ, ಅದನ್ನು ಮೊದಲು ಸರಿ ಮಾಡಿಕೊಳ್ಳಿ.

ಪ್ರಯಾಣದಲ್ಲಿ ಮಾತ್ರ ನನ್ನ ಸಲಹೆ ತಿರುಗುಮುರುಗು. ದಾವಣಗೆರೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ, ಚಿಕ್ಕಜಾಜೂರು ದಾಟುತ್ತಾ ಅಡಿಕೆ ತೋಟಗಳ ನಡುವೆ ವಾಟ್ಸಾಪ್ ಕರೆ ಹಿಡಿದು ‘ಹಲೋ ಹಲೋ’ ಎಂದು ಕೂಗುವವರನ್ನು ನೋಡಿರುತ್ತೀರಿ. ಅವರ ರೀಚಾರ್ಜ್‌ನಲ್ಲಿ ಮಾಮೂಲಿ ಕರೆ ಅನ್‌ಲಿಮಿಟೆಡ್ ಇರುತ್ತದೆ, ಅದನ್ನು ಬಿಟ್ಟು ಇದರ ಜೊತೆ ಗುದ್ದಾಟ. 4ಜಿಯಲ್ಲಿ ಮಾಮೂಲಿ ಕರೆಯೂ ಇಂಟರ್ನೆಟ್ ಪದ್ಧತಿಯ ಮೇಲೇ ಹೋಗುತ್ತದೆ. ಇದಕ್ಕೆ ವೋಲ್ಟಿ ಎಂದು ಹೆಸರು, 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಮನೆಮಾತಾಯಿತು. ವ್ಯತ್ಯಾಸ ಏನೆಂದರೆ, ವೋಲ್ಟಿ ಕರೆಗೆ ಟವರ್ ಪ್ರತ್ಯೇಕ ದಾರಿ ಕಾದಿಡುತ್ತದೆ, ಇಷ್ಟು ಜಾಗ ಇದಕ್ಕೇ ಎಂದು. ವಾಟ್ಸಾಪ್ ಕರೆಗೆ ಆ ಮರ್ಯಾದೆ ಇಲ್ಲ, ಅದು ಇಡೀ ಬೋಗಿಯವರ ರೀಲ್ಸ್ ಜೊತೆ ಸಾಲಿನಲ್ಲಿ ನಿಲ್ಲಬೇಕು. ಒಂದು ಟವರಿನಿಂದ ಇನ್ನೊಂದಕ್ಕೆ ಬದಲಾಗುವಾಗಲೂ ವೋಲ್ಟಿಯೇ ಹೆಚ್ಚು ಬಾಳುತ್ತದೆ. ಹೆದ್ದಾರಿ 48ರಲ್ಲಿ ಕಾರಿನಲ್ಲಿ ಹೋಗುವಾಗಲೂ ಅಷ್ಟೇ. ದೇಶದೊಳಗೆ, ದಾರಿಯಲ್ಲಿದ್ದಾಗ, ಮಾಮೂಲಿ ಕರೆಯೇ ಮೇಲು. ಅಪಘಾತ, ಬೆಂಕಿ ಎಂದರೆ ಅದು ಬಿಟ್ಟು ಬೇರೆ ದಾರಿಯೂ ಇಲ್ಲ, 112ಕ್ಕೆ ವಾಟ್ಸಾಪ್‌ನಿಂದ ಕರೆ ಹೋಗುವುದಿಲ್ಲ.

ಇನ್ನು ದುಬೈ. ನೀವು ಕೇಳಿದ್ದು ನಿಜ. ಯುಎಇಯಲ್ಲಿ ವಾಟ್ಸಾಪ್ ಮೆಸೇಜು, ಫೋಟೋ, ದನಿ ಸಂದೇಶ ಎಲ್ಲ ನಡೆಯುತ್ತವೆ. ಧ್ವನಿ ಕರೆ, ವಿಡಿಯೋ ಕರೆ ಮಾತ್ರ ತಡೆದಿದ್ದಾರೆ. ಅಲ್ಲಿ ಇಂಟರ್ನೆಟ್ ಕರೆ ಕೊಡಬೇಕೆಂದರೆ ಅಲ್ಲಿನ ನಿಯಮದ ಪ್ರಕಾರ ಅನುಮತಿ ಬೇಕು. ಅನುಮತಿ ಪಡೆದವುಗಳಲ್ಲಿ ಬೋಟಿಮ್ ಹೆಸರಾದದ್ದು, ನಿಮ್ಮ ಮಗ ಬಹುಶಃ ಅದನ್ನೇ ಬಳಸುತ್ತಿರಬೇಕು. ಝೂಮ್, ಮೈಕ್ರೋಸಾಫ್ಟ್ ಟೀಮ್ಸ್‌ಗೂ ಅವಕಾಶ ಇದೆ. ಪುಣೆಯ ಮಗಳ ಜೊತೆ ಮುಖ ನೋಡಿ ಮಾತಾಡಲು ಝೂಮ್ ಸಾಕು, ಪುಕ್ಕಟೆ ಆದರೆ 40 ನಿಮಿಷಕ್ಕೆ ಕಟ್ ಆಗುತ್ತದೆ, ಮತ್ತೆ ಮಾಡಿಕೊಳ್ಳಿ. ಹೊರಡುವ ಮುಂಚೆಯೇ ಮಗಳ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಹಾಕಿಕೊಂಡು ಒಮ್ಮೆ ಮಾತಾಡಿ ನೋಡಿ.

ಯಾರಾದರೂ ‘ವಿಪಿಎನ್ ಹಾಕ್ಕೊಳ್ಳಿ ಆಂಟಿ, ಎಲ್ಲಾ ಓಪನ್ ಆಗುತ್ತೆ’ ಎನ್ನುತ್ತಾರೆ. ಬೇಡ. ವಿಪಿಎನ್ ಅಂದರೆ ನೀವು ಎಲ್ಲಿಂದ ಇಂಟರ್ನೆಟ್ ಬಳಸುತ್ತಿದ್ದೀರಿ ಎಂಬುದನ್ನು ಮರೆಮಾಡುವ ಆ್ಯಪ್. ಅಲ್ಲಿ ಅದನ್ನು ಇಟ್ಟುಕೊಳ್ಳುವುದೇ ತಪ್ಪಲ್ಲ, ಕಂಪನಿಗಳು ಬಳಸುತ್ತವೆ. ಆದರೆ ನಿಷೇಧ ಇರುವುದನ್ನು ಮಾಡಲು, ಅದನ್ನು ಮುಚ್ಚಿಡಲು ಬಳಸಿದರೆ 5 ಲಕ್ಷದಿಂದ 20 ಲಕ್ಷ ದಿರಂವರೆಗೆ ದಂಡ ಹಾಕಲು ಅವರ ಸೈಬರ್ ಕಾನೂನಿನಲ್ಲಿ ಜಾಗ ಇದೆ. ರೂಪಾಯಿ ಅಲ್ಲ, ದಿರಂ. ಒಂದು ಫೋನ್ ಕರೆಗೆ ಮಗನ ಕೆಲಸಕ್ಕೆ ಕುತ್ತು ತರುವ ಆಟ ಯಾಕೆ?

ಸಿಮ್ ವಿಷಯ ಹೀಗೆ ಮಾಡಿ. ನಿಮ್ಮ ಇಲ್ಲಿನ ಸಿಮ್ ಫೋನಿನಲ್ಲೇ ಇರಲಿ, ತೆಗೆದು ಡಬ್ಬಿಯಲ್ಲಿ ಇಡಬೇಡಿ. ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ. ಹೊರಡುವ ಮುಂಚೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸಿ, ಡೇಟಾ ರೋಮಿಂಗ್ ಮಾತ್ರ ಆಫ್ ಇಡಿ. ಎರಡನೇ ಜಾಗಕ್ಕೆ ಅಲ್ಲಿನ ಸಿಮ್ ಅಥವಾ ಇ-ಸಿಮ್ ಹಾಕಿ ಅದರಿಂದ ಇಂಟರ್ನೆಟ್ ಬಳಸಿ. ಹೊಸ ಸಿಮ್ ಹಾಕಿದಾಗ ವಾಟ್ಸಾಪ್ ‘ನಂಬರ್ ಬದಲಿಸಲೇ?’ ಎಂದು ಕೇಳಬಹುದು. ಬೇಡ ಎನ್ನಿ. ಹಳೇ ನಂಬರಿನ ವಾಟ್ಸಾಪ್ ಯಾವ ಇಂಟರ್ನೆಟ್ ಮೇಲಾದರೂ ನಡೆಯುತ್ತದೆ. ಸಿಮ್ ತೆಗೆಯಬೇಡಿ ಎನ್ನಲು ಇನ್ನೊಂದು ಕಾರಣವೂ ಇದೆ. ನೋಂದಾಯಿಸಿದ ಸಿಮ್ ಫೋನಿನಲ್ಲಿ ಇದ್ದರಷ್ಟೇ ಇಂಥ ಆ್ಯಪ್ ನಡೆಯುವಂತೆ ಮಾಡಿ ಎಂದು ನಮ್ಮ ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಕಂಪನಿಗಳಿಗೆ ಸೂಚಿಸಿದೆ.

ವಿಮಾನ ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ. ಕೆಲವು ವಿಮಾನಗಳಲ್ಲಿ ಅವರದೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ. ನಿಮ್ಮ ಸಿಮ್ ಅದನ್ನು ಹಿಡಿದರೆ ದುಬಾರಿ ಬಿಲ್ ಇಳಿಯುವ ಮೊದಲೇ ಶುರು. ಇಲ್ಲಿ ಹೇಳಿದ ವೈಫೈ ಕಾಲಿಂಗ್ ದೇಶದೊಳಗೆ ಹೆಚ್ಚುವರಿ ದುಡ್ಡಿಲ್ಲದೆ ನಡೆಯುತ್ತದೆ. ಹೊರದೇಶದಲ್ಲಿ ಅದೂ ರೋಮಿಂಗ್ ಲೆಕ್ಕಕ್ಕೆ ಬೀಳಬಹುದು, ಒಂದೊಂದು ಕಂಪನಿಗೆ ಒಂದೊಂದು ನಿಯಮ. ನಿಮ್ಮ ಕಂಪನಿಯ ಆ್ಯಪ್‌ನಲ್ಲಿ ಯುಎಇ ಎಂದು ಹುಡುಕಿ ದರ ನೋಡಿಕೊಂಡೇ ಗುಂಡಿ ಒತ್ತಿ.

ಕೊನೆಗೆ ಅವ್ವ. ನಿಮ್ಮ ಪತ್ರದಲ್ಲಿ ನಿಜವಾಗಿ ಕಷ್ಟದ ಪ್ರಶ್ನೆ ಇದು. ಅವರ ಫೋನಿನಲ್ಲಿ ಇಂಟರ್ನೆಟ್ ಇಲ್ಲ. ಬೋಟಿಮ್ ಆಗಲಿ ಝೂಮ್ ಆಗಲಿ ಆ ಕಡೆಯೂ ಅದೇ ಆ್ಯಪ್ ಕೇಳುತ್ತವೆ. ಸ್ಕೈಪ್ ಇದ್ದಾಗ ಕಂಪ್ಯೂಟರಿನಿಂದ ಸೀದಾ ಫೋನ್ ನಂಬರಿಗೆ ಅಗ್ಗದಲ್ಲಿ ಮಾಡಬಹುದಿತ್ತು. 2003ರಲ್ಲಿ ಬಂದ ಸ್ಕೈಪನ್ನು ಮೈಕ್ರೋಸಾಫ್ಟ್ 2025ರ ಮೇ ತಿಂಗಳಲ್ಲಿ ಮುಚ್ಚಿತು. ಅದೇ ಥರದ ಬೇರೆ ಆ್ಯಪ್‌ಗಳು ಇವೆ, ಆದರೆ ಯುಎಇಯಲ್ಲಿ ಅನುಮತಿ ಇಲ್ಲದವನ್ನು ನೆಚ್ಚಿಕೊಳ್ಳುವಂತಿಲ್ಲ. ಭಾರತದೊಳಗೂ ಇದಕ್ಕೆ ಬಿಗಿ ಇತ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 2002ರ ಏಪ್ರಿಲ್‌ನಲ್ಲಿ ಇಂಟರ್ನೆಟ್ ಕರೆಗೆ ಅವಕಾಶ ಕೊಟ್ಟಾಗಲೂ ಕಂಪ್ಯೂಟರಿನಿಂದ ದೇಶದೊಳಗಿನ ಫೋನಿಗೆ ಮಾಡುವಂತಿರಲಿಲ್ಲ. ಪರವಾನಗಿ ಇರುವ ಟೆಲಿಕಾಂ ಕಂಪನಿಗಳಿಗೆ ಅದು ಸಲೀಸಾದದ್ದು 2018ರಲ್ಲಿ.

ಆದ್ದರಿಂದ ಅವ್ವನಿಗೆ ದುಬೈನಿಂದ ಮಾಮೂಲಿ ಫೋನ್ ಕರೆಯನ್ನೇ ಮಾಡಿ. ಮಗನ ಅಲ್ಲಿನ ನಂಬರಿನಿಂದ ಭಾರತಕ್ಕೆ ಕರೆ ಪ್ಯಾಕ್ ಹಾಕಿಸುವುದು ಅಗ್ಗವಾ, ನಿಮ್ಮ ಇಲ್ಲಿನ ಸಿಮ್ಮಿಗೆ ರೋಮಿಂಗ್ ಪ್ಯಾಕ್ ಅಗ್ಗವಾ ಎಂದು ಮಗನಿಗೆ ಲೆಕ್ಕ ಹಾಕಲು ಹೇಳಿ. ಎರಡು ತಿಂಗಳಿಗೆ ಸಾಮಾನ್ಯವಾಗಿ ಮೊದಲನೆಯದೇ ಗಿಟ್ಟುತ್ತದೆ. ದಿನಾ ಅರ್ಧ ಗಂಟೆ ಆಗದಿದ್ದರೆ ಬೇಡ, ಐದು ನಿಮಿಷ ಸಾಕಲ್ವಾ? ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಎಂಟು ಎಂದರೆ ಹಳ್ಳಿಯಲ್ಲಿ ಒಂಬತ್ತೂವರೆ, ಅವ್ವ ಮಲಗಿರುತ್ತಾರೆ. ಸಂಜೆ ಆರಕ್ಕೇ ಮಾಡಿ.

ಅಲ್ಲಿಂದ ಡಯಲ್ ಮಾಡುವಾಗ ಬರೀ ಹತ್ತು ಅಂಕಿ ಒತ್ತಿದರೆ ಕರೆ ಹೋಗುವುದಿಲ್ಲ. ಹೊರಡುವ ಮುಂಚೆಯೇ ನಿಮ್ಮ ಫೋನಿನಲ್ಲಿ ಅವ್ವನ ನಂಬರಿನ ಮುಂದೆ +91 ಸೇರಿಸಿ. ಬೇಕಾದವರೆಲ್ಲರದೂ ಹೀಗೆ ತಿದ್ದಿಡಿ, ಇಲ್ಲಿಯೂ ಅದರಿಂದ ತೊಂದರೆ ಇಲ್ಲ. ಇನ್ನು ಅವ್ವನ ಕಡೆ. +971 ಎಂದು ಶುರುವಾಗುವ ನಂಬರ್ ನೋಡಿದರೆ ಅವರು ಎತ್ತದಿರುವ ಸಾಧ್ಯತೆಯೇ ಜಾಸ್ತಿ. ವಿದೇಶದ ಗುರುತಿಲ್ಲದ ಕರೆ ಎತ್ತಬೇಡಿ ಎಂದು ನೀವೇ ಹೇಳಿಕೊಟ್ಟಿರುತ್ತೀರಿ, ಅದು ಸರಿಯೂ ಹೌದು. ಹಾಗಾಗಿ ಊರಿಗೆ ಹೋದಾಗ ಮಗನ ದುಬೈ ನಂಬರನ್ನು +971 ಸಮೇತ ಅವರ ಫೋನಿನಲ್ಲಿ ಹೆಸರು ಹಾಕಿ ಸೇವ್ ಮಾಡಿ, ಅಲ್ಲೇ ಕೂತು ಮಗನಿಂದ ಒಂದು ಕರೆ ಮಾಡಿಸಿ ಎತ್ತಿಸಿ. ಎರಡರ ಗುಂಡಿ ಒತ್ತಿ ಹಿಡಿದರೆ ದಾವಣಗೆರೆಯಲ್ಲಿರುವ ಯಾರಾದರೂ ಹತ್ತಿರದವರಿಗೆ ಕರೆ ಹೋಗುವಂತೆ ಸ್ಪೀಡ್ ಡಯಲ್ ಇಡಿ. ಅವ್ವನಿಗೆ ಜ್ವರ ಬಂದರೆ ಮೊದಲು ಬೇಕಾದವರು ದುಬೈನಲ್ಲಿಲ್ಲ.

ಮುಖ ನೋಡಬೇಕು ಅನ್ನಿಸುತ್ತದೆ. ಪಕ್ಕದ ಮನೆಯಲ್ಲೋ ಅಣ್ಣತಮ್ಮಂದಿರ ಮನೆಯಲ್ಲೋ ಸ್ಮಾರ್ಟ್‌ಫೋನ್ ಇರುವ ಹುಡುಗ ಇದ್ದೇ ಇರುತ್ತಾನೆ. ಅವನ ಫೋನಿಗೆ ಅದೇ ಆ್ಯಪ್ ಹಾಕಿಸಿ, ಭಾನುವಾರ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಎರಡು ಫೋನುಗಳನ್ನು ಸ್ಪೀಕರಿಗೆ ಹಾಕಿ ಎದುರುಬದುರು ಇಟ್ಟು ಮಾತಾಡಿಸುವ ಸಾಹಸ ಮಾತ್ರ ಬೇಡ, ಮೇಲೆ ಹೇಳಿದ ಮಾರ್ದನಿ ಕಾಟ ಎರಡು ಪಟ್ಟಾಗುತ್ತದೆ.

ದುಬೈನಲ್ಲಿ ನಿಮಗೇ ತುರ್ತು ಬಂದರೆ ಪೊಲೀಸರಿಗೆ 999, ಆಂಬುಲೆನ್ಸ್‌ಗೆ 998. ಯಾವ ಆ್ಯಪನ್ನೂ ತೆರೆಯದೆ ಸೀದಾ ಡಯಲ್ ಮಾಡಿ.

ಅವ್ವನ ರೀಚಾರ್ಜ್ ಯಾವತ್ತು ಮುಗಿಯುತ್ತದೆ ಎಂದು ಹೋಗುವ ಮೊದಲು ನೋಡಿ. ವ್ಯಾಲಿಡಿಟಿ ಮುಗಿದರೆ ಒಳಬರುವ ಕರೆಯೂ ನಿಲ್ಲುತ್ತದೆ. ನೀವು ಅಲ್ಲಿಂದ ಎಷ್ಟು ಸಲ ಮಾಡಿದರೂ ಸಿಗುವುದಿಲ್ಲ, ಸುಮ್ನೆ ಗಾಬರಿ. ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕ್ ಕೊಡಲೇಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿದ ಮೇಲೆ 84 ದಿನದ ಅಂಥ ಪ್ಯಾಕ್‌ಗಳು ಬಂದಿವೆ. ಬಟನ್ ಫೋನಿಗೆ ಅದೇ ಸರಿ. ಅಂಗಡಿಯವರು ಡೇಟಾ ಇರುವುದನ್ನೇ ಹಾಕಿಬಿಡುತ್ತಾರೆ, ಕೇಳಿ ಹಾಕಿಸಿ.